ಬುಕ್‌ಮಾರ್ಕ್ ಮುಂದಿನ ಟಿಕ್

"ಅಳಿಯಂದ್ರೇ, ಕೈ ತೆಗೀರಿ ಅದರ ಮೇಲಿಂದ!"

ಗಂಡನ ಶವದ ಪಕ್ಕದಿಂದೆದ್ದು ಅತ್ತೆ ಓಡಿಬಂದ ರಭಸಕ್ಕೆ ಹಜಾರದ ಮೂರು ಕುರ್ಚಿಗಳು ಮಗುಚಿದವು. ಅಳಿಯನ ಬೆರಳು ಮೌಸಿನ ಮೇಲೇ ಹೆಪ್ಪುಗಟ್ಟಿತು. ಹೂವಿನ ಪಕ್ಕ ಇಡಲು ಮಾವನ ಫೋಟೋ ಬೇಕಿತ್ತು. ಅದು ಇದ್ದ ಕಂಪ್ಯೂಟರೋ, ಆಮೆಗೇ ನಾಚಿಕೆ ತರಿಸುವಷ್ಟು ನಿಧಾನ. ಕೊಂಚ ಚುರುಕಾಗಲೆಂದು ಅವನು ಅದರಲ್ಲಿದ್ದ, ಬೇಡದ ಫೈಲುಗಳನ್ನು ಅಳಿಸುವ ಕ್ಲೀನರ್ ತೆರೆದಿದ್ದ.

"ಕಸ ತೆಗೀತಿದ್ದೆ ಅಷ್ಟೇ, ಅತ್ತೆ."

"ಯಾವುದು ಕಸ, ಯಾವುದು ಸಂಸಾರ ಅಂತ ಅದಕ್ಕೆ ಗೊತ್ತಾಗಲ್ಲ. ಬುಕ್‌ಮಾರ್ಕ್ ಮುಂದೆ ಟಿಕ್ ಇದೆಯಾ ನೋಡಿ. ಇದ್ರೆ ಅವನ್ನೂ ಗುಡಿಸಿ ಹಾಕುತ್ತೆ."

ಇತ್ತು.

"ಅಮ್ಮಾ, ಈಗ ಇದೆಲ್ಲಾ ಬೇಕಾ?" ಮಗಳು ಮೂಗೊರೆಸಿಕೊಂಡಳು. "ಅಪ್ಪನ್ನ ಕರ್ಕೊಂಡು ಹೋಗೋಕೆ ಗಾಡಿ ಬರ್ತಿದೆ."

"ಇನ್ಮೇಲೆ ರಿಪೇರಿ ಅಂಗಡಿ ಬಾಗಿಲು ತೆಗೆಯೋಳು ನಾನು ಕಣೇ. ನಂಗೆ ಸ್ಕ್ರೂ ತಿರುಗಿಸೋದಷ್ಟೇ ಗೊತ್ತು. ಯಾವ ಸ್ಕ್ರೂ ಅನ್ನೋದು ಅವರ ಬುಕ್‌ಮಾರ್ಕ್‌ಗಳಿಗೇ ಗೊತ್ತು."

*

ಸತ್ತವರು ಇಡೀ ಬೀದಿಗೆ ರಿಪೇರಿ ಮಾಮ. ಅವರ ಕೈಯಲ್ಲಿ ರಿಪೇರಿಯಾಗದ್ದು ಜಗತ್ತಿನಲ್ಲಿ ಎರಡೇ: ಹವಾಮಾನ ಮತ್ತು ನಾದಿನಿಯ ಬಾಯಿ. ಏಳು ವರ್ಷದ ಹಿಂದೆ ಆ ಕೈಗೇ ನಡುಕ ಹತ್ತಿತು. ಎಂಥ ನಡುಕವೆಂದರೆ, ಚಹಾ ಲೋಟ ಕೊಟ್ಟರೆ ಎದುರು ಕೂತವರಿಗೆ ಸ್ನಾನ. ಅಂದಿನಿಂದ ಅವರು ಪರದೆ ನೋಡಿ ಓದುವುದು, ಹೆಂಡತಿ ಸ್ಕ್ರೂ ತಿರುಗಿಸುವುದು. ಇಂಟರ್ನೆಟ್ಟಿನಲ್ಲಿ ಕೆಲಸಕ್ಕೆ ಬಂದ ಪುಟವನ್ನೆಲ್ಲ ಬುಕ್‌ಮಾರ್ಕ್ ಮಾಡಿ ತಮ್ಮದೇ ಹೆಸರಿಡುತ್ತಿದ್ದರು: 'ಎದುರುಮನೆ ಫ್ಯಾನ್, ಮನೆಯೊಡೆಯನ ಹಾಗೇ ಗೊರಕೆ'. 'ಮೇಷ್ಟರ ಮಿಕ್ಸಿ, ಬೈದರೆ ಓಡುತ್ತೆ'. ಒಟ್ಟು ನಾಲ್ಕು ಸಾವಿರದ ಹದಿನೇಳು. ಇಷ್ಟು ಜ್ಞಾನ ಯಾವ ಗ್ರಂಥಾಲಯದಲ್ಲಿದೆ, ತೋರಿಸಿ!

ಒಂದು ಮಧ್ಯಾಹ್ನ ಅವರೇ ಕ್ಲೀನರ್ ಒತ್ತಿ ಊಟಕ್ಕೆ ಹೋದರು. ಕೈ ತೊಳೆದು ಬರುವಷ್ಟರಲ್ಲಿ ಎಲ್ಲ ನಾಪತ್ತೆ.

"ಗುಡಿಸಿ ಹಾಕಿದೆ ಕಣೇ. ನನ್ನ ತಲೇನೇ ಹೋಯ್ತು."

"ಅದು ಹೋಗಿ ವರ್ಷಗಳಾಯ್ತು. ಕೂತ್ಕೊಳ್ಳಿ, ಮತ್ತೆ ಹುಡುಕೋಣ."

ಐದು ತಿಂಗಳು ಹುಡುಕಿದರು. ಆಮೇಲೆ ಕ್ಲೀನರ್ ಅಪ್‌ಡೇಟ್ ಆದಾಗಲೆಲ್ಲ ಆ ಹಾಳು ಟಿಕ್ ತಾನಾಗಿ ವಾಪಸ್ ಬಂದು ಕೂರುತ್ತಿತ್ತು. ಅದನ್ನು ಓಡಿಸುವ ಕೆಲಸ ಹೆಂಡತಿಯದಾಯಿತು.

*

ಅಳಿಯ ಟಿಕ್ ತೆಗೆದ. ಅತ್ತೆ ಹೇಳಿದಂತೆ ಇಡೀ ಪಟ್ಟಿಯನ್ನು ಒಂದು ಪೆನ್‌ಡ್ರೈವಿಗೂ ಇಳಿಸಿಕೊಂಡ. ಆಮೇಲೆ ಕ್ಲೀನ್ ಒತ್ತಿದ. ಮನೆಯ ಗೋಡೆಗಳೂ ಉಸಿರು ಬಿಗಿಹಿಡಿದವು. ಬುಕ್‌ಮಾರ್ಕ್‌ಗಳು ಒಂದೂ ಅಲುಗಲಿಲ್ಲ. ಬೆಳಗಿನಿಂದ ಕಲ್ಲಿನಂತಿದ್ದ ಅತ್ತೆ ಆಗ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದರು.

ಗಾಡಿ ಬಂತು. ರಿಪೇರಿ ಮಾಮನನ್ನು ಒಳಗೆ ಮಲಗಿಸಿದ್ದಾಯಿತು, ಹಿಂದಿನ ಬಾಗಿಲು ಮಾತ್ರ ಮುಚ್ಚಲೊಲ್ಲದು. ಡ್ರೈವರ್ ಗುದ್ದಿದ. ಅರ್ಧ ಬೀದಿಯೇ ಬಂದು ಗುದ್ದಿತು.

"ಹಗ್ಗ ಕಟ್ಬಿಡೋಣ ಬಿಡಿ," ಎಂದ ಡ್ರೈವರ್.

"ಸುಮ್ನಿರಪ್ಪ! ಕೆಟ್ಟ ಬಾಗಿಲು ಇಟ್ಕೊಂಡು ಅವರು ಎಲ್ಲಿಗೂ ಹೋಗಲ್ಲ." ಆಕೆ ಸ್ಕ್ರೂಡ್ರೈವರ್ ತಂದು ಗಾಡಿಯ ಹಿಂದೆ ಮಂಡಿಯೂರಿದರು. "ಅಳಿಯಂದ್ರೇ, ವ್ಯಾನ್ ಬಾಗಿಲು ಅಂತ ಇರುತ್ತೆ ನೋಡಿ!"

"ಸಿಕ್ತು ಅತ್ತೆ," ಕಂಪ್ಯೂಟರ್ ಪಕ್ಕದ ಕಿಟಕಿಯಿಂದ ಅಳಿಯ ಕೂಗಿದ. "'ಹಾಲಿನವನ ವ್ಯಾನ್ ಬಾಗಿಲು, ಅವಸರ ಮಾಡಬೇಡ' ಅಂತಿದೆ."

"ಓದಿ."

"ಮೊದಲು ಕೆಳಗಿನ ಸ್ಕ್ರೂ ಸಡಿಲ ಮಾಡಬೇಕಂತೆ..."

ಅಳಿಯ ಒಂದೊಂದೇ ಸಾಲು ಓದುತ್ತಾ ಹೋದ; ಆಕೆ, ಮೊಣಕೈಯನ್ನು ಗಂಡನ ಪಾದಗಳಿಗೆ ಆನಿಸಿಕೊಂಡು, ಒಂದೊಂದೇ ಸುತ್ತು ತಿರುಗಿಸುತ್ತಾ ಹೋದರು.