ಭಾವನ ಪ್ರೊಪೆಲ್ಲರ್

ಅಕ್ಕನ ಗಂಡನನ್ನು ಇಡೀ ಬೀದಿ ಕ್ಯಾಪ್ಟನ್ ಅಂತ ಕರೆಯುತ್ತಿತ್ತು. ಪುಣ್ಯಾತ್ಮ ವಿಮಾನದಲ್ಲಿ ಪ್ರಯಾಣಿಕನಾಗಿ ಕೂತರೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವ ಆಸಾಮಿ! ಆದರೆ ಅವನ ಹಜಾರದ ಗೋಡೆಯ ಮೇಲೆ ಆಳುದ್ದ ಮೀರಿದ ಮರದ ಪ್ರೊಪೆಲ್ಲರ್ ಒಂದಿತ್ತು. ಬಂದವರಿಗೆ ನೀರು ಕೊಡುವ ಮೊದಲೇ ಅದರ ಕಥೆ ಕೊಡುತ್ತಿದ್ದ. ಅವನಜ್ಜ ಇದೇ ಪ್ರೊಪೆಲ್ಲರಿನ ವಿಮಾನವನ್ನು ಗುಂಡಿನ ಮಳೆಯಲ್ಲಿ ಇಳಿಸಿದನಂತೆ, ತುದಿಯ ಗಾಯ ಗುಂಡೇಟಿನದಂತೆ. ಬರೀ ಅಂತೆ ಕಂತೆ.

ಅವನ ನಾದಿನಿಗೆ, ಅಂದರೆ ಹೆಂಡತಿಯ ತಂಗಿಗೆ, ಮ್ಯೂಸಿಯಂನಲ್ಲಿ ಹಳೇ ಪ್ರೊಪೆಲ್ಲರ್‌ಗಳ ಗುರುತು ಹಚ್ಚುವ ಕೆಲಸ. ಇಪ್ಪತ್ತು ವರ್ಷ ಈ ಪುರಾಣ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಯಾವನೋ ಗುಜರಿಯವನು ಭಾವನಿಗೆ ಟೋಪಿ ಹಾಕಿರಬೇಕು ಅಂತ ಅದರ ಹತ್ತಿರ ಕೂಡ ಹೋಗಿರಲಿಲ್ಲ.

ಆದರೆ ಮೊನ್ನೆ ಮ್ಯೂಸಿಯಂಗೆ ಬಂದ ಹಾರಾಟದ ಹಳೇ ದಾಖಲೆ ಪುಸ್ತಕದಲ್ಲಿ ಅಜ್ಜನ ಹೆಸರೇ ಸಿಗಬೇಕೇ! ಮುದುಕ ನಿಜವಾಗಿ ಹಾರಿದ್ದ. ಅವನ ವಿಮಾನದ ಪ್ರೊಪೆಲ್ಲರ್ ಸಂಖ್ಯೆಯೂ ಅಲ್ಲಿತ್ತು. ಭಾವನ ಪ್ರೊಪೆಲ್ಲರಿನ ನಡುವಿನ ದಪ್ಪ ಭಾಗದಲ್ಲಿ ಅದೇ ಸಂಖ್ಯೆ ಕುಟ್ಟಿದ್ದರೆ ಮ್ಯೂಸಿಯಂನ ಹೊಸ ಕೋಣೆಗೆ ಅಜ್ಜನ ಹೆಸರು. ಇಲ್ಲದಿದ್ದರೆ ಅದು ಬರೀ ಕಟ್ಟಿಗೆ.

"ನಿಜ ಆಗ್ಲಿ ಕಣೇ," ಅಂದಿದ್ದಳು ಅಕ್ಕ. "ಇವರ ಬೆನ್ನ ಹಿಂದೆ ಜನ ನಗೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ನಗುವವರಲ್ಲಿ ಮೊದಲಿನವಳು ತಾನೇ ಅಂತ ತಂಗಿ ಬಾಯಿಬಿಡಲಿಲ್ಲ.

ಭಾನುವಾರ ಹೋದಾಗ ಪ್ರೊಪೆಲ್ಲರನ್ನು ಊಟದ ಮೇಜಿನ ಮೇಲೆ ಹೊಸ ಹೊದಿಕೆ ಹಾಸಿ ಮಲಗಿಸಿದ್ದರು.

"ಬಾಮ್ಮಾ, ಮಹಾ ಪಂಡಿತೆ! ಮರದ ತುಂಡು ನೋಡೋಕೂ ಓದಿರ್ಬೇಕಾ ಈಗ?"

"ಬೇಡ ಭಾವ. ಓದದೇ ಇರೋರಿಗೂ ಗೊತ್ತಾಗುತ್ತೆ, ಇದು ಗುಂಡೇಟಲ್ಲ. ನೆಲದ ಕಲ್ಲು ಹಾರಿ ಬಡಿದದ್ದು." ಹೇಳುವಾಗ ಅವಳಿಗೆ ಒಳಗೊಳಗೇ ಖುಷಿಯಾಯಿತು.

ಹಿಂಬದಿ ತಿರುಗಿಸಿದಳು. ಬೋಲ್ಟಿನ ಎಂಟು ತೂತು, ಸುತ್ತ ಮರದಲ್ಲಿ ಕಬ್ಬಿಣದ ತಟ್ಟೆ ಕಚ್ಚಿದ ದುಂಡನೆಯ ಒತ್ತಿನ ಗುರುತು. ಶೋಕಿಗೆ ಮಾಡಿದ್ದರಲ್ಲಿ ಈ ಒತ್ತು ಇರುವುದಿಲ್ಲ. ಇಂಜಿನ್ನಿಗೆ ಬಿಗಿದು ತಿರುಗಿಸಿದ ಮಾಲು! ಟೇಪು ಹಿಡಿದಳು. ಪುಸ್ತಕದಲ್ಲಿದ್ದ ಅಳತೆಯೇ. ಒಮ್ಮೆ ಸಾಲದೆಂದು ಇನ್ನೊಮ್ಮೆ ಅಳೆದಳು. ಸಂಖ್ಯೆ ಇರಬೇಕಾದ ಪಕ್ಕದ ಮೇಲೆ ಬೆರಳಾಡಿಸಿದರೆ ಗಾಜಿನ ಹಾಗೆ ನುಣುಪು.

"ಭಾವ, ಇಲ್ಲಿದ್ದ ಅಂಕಿ ಎಲ್ಲಿ?"

"ಆ ಗೀಚಾ? ಮೂರು ದಿನ ಸ್ಯಾಂಡ್‌ಪೇಪರ್ ಹಿಡಿದು ತಿಕ್ಕಿದೆ. ಮೇಲೆ ಎರಡು ಕೋಟು ವಾರ್ನಿಶ್. ಹೇಗಿದೆ?"

"ಅಯ್ಯೋ ನಿಮ್ಮ! ಅದೇ ಅಲ್ವಾ ಇದರ ಜಾತಕ! ಫೋಟೋ ಆದ್ರೂ ಇದೆಯಾ?"

"ಎಲ್ಲದರಲ್ಲೂ ಅದರ ಮುಂದೆ ನಾನೇ ನಿಂತಿದ್ದೀನಲ್ಲ."

ಟಾರ್ಚನ್ನು ಓರೆಯಾಗಿ ಹಿಡಿದು ಅರ್ಧ ಗಂಟೆ ನೋಡಿದಳು. ಒಂದೇ ಒಂದು ಗೆರೆ ಸಿಕ್ಕಿತು, ಏಳೋ ಒಂದೋ. ಪುಸ್ತಕದ ಸಂಖ್ಯೆಯಲ್ಲಿ ಏಳೂ ಇತ್ತು, ಒಂದೂ ಇತ್ತು. ಇಂಥ ಮನುಷ್ಯನಿಗೆ ಇಂಥ ವಸ್ತು ಕೊಟ್ಟ ದೇವರಿಗೆ ಬುದ್ಧಿ ಇಲ್ಲ ಅನ್ನಿಸಿತು.

"ನೀನೇ ಅಲ್ವೇನಮ್ಮಾ ಫೋನಲ್ಲಿ ಹೇಳಿದ್ದು?" ಭಾವನ ದನಿ ಕುಗ್ಗಿತ್ತು. "'ಆ ಕೊಳಕು ದಿಮ್ಮಿನ ನಾನು ಮುಟ್ಟಲ್ಲ, ನಾಲ್ಕು ಜನ ನೋಡೋ ಹಾಗೆ ಮಾಡಿಡಿ' ಅಂತ. ನೀನು ಹೇಳಿದ ಮೇಲೆ ಸರಿಯೇ ಇರುತ್ತೆ ಅಂದ್ಕೊಂಡೆ."

ಹೇಳಿದ್ದಳು. ಬರುವ ದಿನ ತಿಳಿಸಲು ಫೋನ್ ಮಾಡಿದವಳಿಗೆ ಒಂದು ಮಾತು ಕುಟುಕದೆ ಇರಲಾಗಿರಲಿಲ್ಲ. ಬೇರೆ ಯಾರ ಮನೆಗೆ ಹೋಗುವುದಿದ್ದರೂ ಮೊದಲ ಮಾತೇ, ಒದ್ದೆ ಬಟ್ಟೆ ಕೂಡ ಮುಟ್ಟಿಸಬೇಡಿ ಅನ್ನುವುದು. ಸಂಖ್ಯೆ ವಿಷಯವನ್ನೂ ಮುಂಚೆಯೇ ತಿಳಿಸುತ್ತಾಳೆ. ಭಾವನಿಗೆ ಅಷ್ಟು ಹೇಳುವುದೂ ದಂಡ ಅಂತ ಬಿಟ್ಟಿದ್ದಳು.

"ಅಜ್ಜನ ಹೆಸರು ಬರೀತೀಯಲ್ಲಮ್ಮಾ?"

ಅವಳು ಕಾರ್ಡು ತೆಗೆದು ಅಳತೆ ಬರೆದಳು, ತೂತಿನ ಲೆಕ್ಕ ಬರೆದಳು. ಯಾವ ವಿಮಾನದ್ದು ಅನ್ನುವಲ್ಲಿ 'ಗೊತ್ತಿಲ್ಲ' ಅಂತ ಬರೆದಳು. ಅಕ್ಕ ಹೆಗಲ ಹಿಂದೆ ನಿಂತು ಓದಿದಳು.

"ಫೋನಲ್ಲಿ ಹಾಗಂತ ಹೇಳಿದ್ದು ನಿಜಾನೇನೇ ನೀನು?"

"ಹೂಂ ಅಕ್ಕ."

ಅಕ್ಕ ಗಂಡನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ತಂಗಿಯನ್ನು ಕೂರು ಅನ್ನಲಿಲ್ಲ.