ಮೂರನೆಯ ದೀಪ

“ಒಂದು ಸಲ ಕುಲುಕಿದ್ರೆ ಕೆಂಪು, ಎರಡು ಸಲ ಆದ್ರೆ ಹಸಿರು, ಸುಮ್ಮನಿದ್ರೆ ಬಿಳಿ. ನೆನಪುಂಟಲ್ಲ ಮಹಾರಾಜ್ರೇ?”

ಮದರಾಸಿನ ವಿಮಾನ ನಿಲ್ದಾಣದ ಬೇಲಿಯ ಪಕ್ಕ ನಿಂತು ಸುಬ್ರಾಯರು ಸೋದರಳಿಯನನ್ನು ಕೇಳಿದರು.

“ನಿಮ್ಮ ಸಪ್ಲೈಯರ್‌ಗಳಿಗೇ ಬರೋ ವಿದ್ಯೆ. ನನಗೆ ಬರಲ್ವಾ?” ಎಂದ ರಘುರಾಮ.

ಪಲ್ಲಾವರಂನಲ್ಲಿದ್ದ ಸುಬ್ರಾಯರ ಹೋಟೆಲಿನಲ್ಲಿ ಗಲ್ಲಾದಿಂದ ಕೂಗುವ ಪದ್ಧತಿಯೇ ಇರಲಿಲ್ಲ. ಕೀ ಗೊಂಚಲು ಒಮ್ಮೆ ಝಣ್ ಎಂದರೆ ಟೇಬಲ್ ಒರೆಸಬೇಕು, ಎರಡು ಸಲ ಎಂದರೆ ಬಿಲ್ ಕೊಡಬೇಕು. ಆ ಸದ್ದು ಕೇಳಿದರೆ ರಘುರಾಮ ಮುಖ ಸಿಂಡರಿಸುತ್ತಿದ್ದ. ತಂದೆಯಿಲ್ಲದವನು, ಅದೇ ಹೋಟೆಲಿನ ಅನ್ನ ತಿಂದು ಬೆಳೆದವನು. ಆದರೂ ತಿಂಡಿಗೆ ಬಂದವರೆಲ್ಲ ಅವನ ಬಾಯಲ್ಲಿ ‘ಚಟ್ನಿ ನೆಕ್ಕೋರು’. ತಾನು ಪೈಲಟ್ ಆಗಿ ಇವರನ್ನೆಲ್ಲ ಮೇಲಿಂದ ನೋಡುವವನಲ್ಲವೇ! ವಿಮಾನ ಹಾರಿಸುವುದನ್ನೇನೋ ಚೆನ್ನಾಗಿಯೇ ಕಲಿತಿದ್ದ. ಕೈಕೊಟ್ಟದ್ದು ಕಣ್ಣು. ಕೆಂಪು, ಹಸಿರು ಎರಡೂ ಅವನಿಗೆ ಒಂದೇ ಮಣ್ಣಿನ ಬಣ್ಣ; ದೂರದ ದೀಪವಾದರಂತೂ ಬಿಳಿಯೂ ಬೇರೆಯಾಗಿ ಕಾಣದು. ಚುಕ್ಕೆಗಳ ನಡುವಿನ ಅಂಕಿ ಓದುವ ಪರೀಕ್ಷೆಯಲ್ಲಿ ಫೇಲಾದ. ತಾಯಿ ರತ್ನಾವತಿ ಕಣ್ಣಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಹೊನಗೊನ್ನೆ ಸೊಪ್ಪು ತಿನ್ನಿಸಿದಳು. ಹೊಟ್ಟೆ ಕೆಟ್ಟಿತೇ ಹೊರತು ಕಣ್ಣು ಸರಿಹೋಗಲಿಲ್ಲ. ಎಪ್ಪತ್ತೆಂಟನೇ ಇಸವಿಯ ಈ ಸಂಜೆಯ ದೀಪದ ಪರೀಕ್ಷೆಯೂ ಹೋದರೆ ಲೈಸೆನ್ಸಿನ ಮಾತೇ ಇಲ್ಲ. ತಂಗಿ ಕಾಲು ಹಿಡಿದಳೆಂದು ಸುಬ್ರಾಯರು ಕಾಫಿ ಕೊಡುವ ನೆವದಲ್ಲಿ ಬಂದಿದ್ದರು. ಹೋಟೆಲಿನವರ ಕೈಯಲ್ಲಿ ಕೀ ಸದ್ದಾದರೆ ಯಾರಿಗೇನು ಅನುಮಾನ?

ಪರೀಕ್ಷೆ ನಡೆಸುವ ಡಾಕ್ಟರ್ ಬದರಿನಾಥ್ ಬಂದು ಕೈ ಬೀಸಿದರು. ದೂರದ ಕಂಟ್ರೋಲ್ ಗೋಪುರದಲ್ಲಿ ದೀಪ ಹೊತ್ತಿತು.

“ಎನ್ನ ಕಲರ್, ತಂಬಿ?”

ಬೆನ್ನ ಹಿಂದೆ ಝಣ್.

“ರೆಡ್, ಸಾರ್.”

ಮತ್ತೊಂದು ದೀಪ. ಝಣ್ ಝಣ್.

“ಗ್ರೀನ್, ಸಾರ್.”

ಡಾಕ್ಟರರಿಗೆ ಖುಷಿಯಾಯಿತು. ಸುಬ್ರಾಯರತ್ತ ತಿರುಗಿ ತಮಿಳಿನಲ್ಲಿ ವಿವರಿಸಿದರು: “ರೇಡಿಯೋ ಕೆಟ್ಟರೆ ಪೈಲಟ್‌ಗೆ ಈ ದೀಪವೇ ಗತಿ. ಕೆಳಗೆ ಇನ್ನೊಂದು ಪ್ಲೇನ್ ಅಡ್ಡ ನಿಂತಿದ್ರೆ ಕೆಂಪು ತೋರಿಸ್ತಾರೆ. ಅದನ್ನ ಹಸಿರು ಅಂದ್ಕೊಂಡು ಇಳಿದ್ರೆ ಎರಡು ಪ್ಲೇನಿನ ಜನವೂ ಹೋದ ಹಾಗೆ.”

ಸುಬ್ರಾಯರಿಗೆ ಇದು ಗೊತ್ತಿರಲಿಲ್ಲ. ಅಳಿಯನ ಮುಖ ನೋಡಿದರು.

“ಅದೆಲ್ಲ ಪುಸ್ತಕದ ಬದನೆಕಾಯಿ, ಮಾವ.” ಡಾಕ್ಟರರಿಗೆ ತಿಳಿಯದ ಕನ್ನಡದಲ್ಲಿ ರಘುರಾಮ ನಕ್ಕ. “ಹಿಂದೆ ಕೂತ್ಕೊಳ್ಳೋರು ಯಾರು? ನಿಮ್ಮ ಚಟ್ನಿ ನೆಕ್ಕೋರೇ ತಾನೆ? ನೀವು ಸುಮ್ನೆ ಕೀ ಅಲ್ಲಾಡ್ಸಿ.”

ಮೂರನೆಯ ದೀಪ ಹೊತ್ತಿತು. ಹಿಂದಿನಿಂದ ಸದ್ದು ಬರಲಿಲ್ಲ.

“ವೈಟ್, ಸಾರ್.”

ಡಾಕ್ಟರರು ಕನ್ನಡಕ ಸರಿಮಾಡಿಕೊಂಡರು. ಇನ್ನೊಂದು ದೀಪ. ಸದ್ದಿಲ್ಲ.

“ವೈಟ್.”

ಮತ್ತೂ ಒಂದು.

“ವೈ...” ದನಿ ಅಲ್ಲೇ ನಿಂತಿತು. ರಘುರಾಮ ತಿರುಗಿ ನೋಡಿದ. ಕೀ ಗೊಂಚಲು ಸದ್ದಾಗದಂತೆ ಮಾವನ ಮುಷ್ಟಿಯಲ್ಲಿ ಬಿಗಿದಿತ್ತು.

“ಕೊನೇ ಮೂರೂ ಕೆಂಪಪ್ಪಾ,” ಎಂದು ತಮಿಳಿನಲ್ಲೇ ಹೇಳಿ ಡಾಕ್ಟರರು ತಲೆಯಾಡಿಸಿ ಒಳಗೆ ನಡೆದರು.

“ಸೇಡು ತೀರಿಸ್ಕೊಂಡ್ರಾ ಮಾವ? ಛೀ! ಇಡ್ಲಿ ಮಾರೋರ ಬುದ್ಧಿ ಎಲ್ಲಿ ಹೋಗುತ್ತೆ!”

“ಇಡ್ಲಿ ಹಳಸಿದ್ರೆ ನಾನದನ್ನ ಗಿರಾಕಿಗೆ ಬಡಿಸೂದಿಲ್ಲ ಮಾರಾಯ,” ಎಂದರು ಸುಬ್ರಾಯರು. “ಎಮ್ಮೆಗೆ ಹಾಕ್ತೇನೆ.”

ಅವರು ಫ್ಲಾಸ್ಕ್ ಬಿಚ್ಚಿ ಲೋಟಕ್ಕೆ ಕಾಫಿ ಬಗ್ಗಿಸಿ, ಬೇಲಿಯ ಕಲ್ಲಿನ ಮೇಲಿಟ್ಟರು. ರಘುರಾಮ ಮುಟ್ಟಲಿಲ್ಲ. ಸಣ್ಣ ವಿಮಾನವೊಂದು ಗುಡುಗುತ್ತ ಹೊರಟು, ಬೇಲಿಯುದ್ದಕ್ಕೂ ಧೂಳೆಬ್ಬಿಸಿತು. ಸುಬ್ರಾಯರು ಕಣ್ಣು ಕಿರಿದಾಗಿಸಿ, ಅವನ ಲೋಟವನ್ನು ಅಂಗೈಯಿಂದ ಮುಚ್ಚಿ ಹಿಡಿದರು.