ಬಿಳಿ ಕಾರಿನ ಇಂಜಿನ್

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಕುಮಾರಸ್ವಾಮಿಯ ಗ್ಯಾರೇಜಿದೆ. ತಗಡಿನ ಶೆಡ್ಡು, ಮುಂದೊಂದು ಹೊಂಗೆಮರ. ಬೋರ್ಡಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವನು ಅಲ್ಲೇ ಇರುವುದರಿಂದ ಬೋರ್ಡು ಬೇಕಾಗಿಯೂ ಇರಲಿಲ್ಲ. ಗಾಡಿ ರಸ್ತೆ ತಿರುವಿನಲ್ಲಿ ಬರುವಾಗಲೇ ಸದ್ದು ಕೇಳಿ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಾನೆ ಎಂಬ ಮಾತು ಸುತ್ತಲಿನ ಊರುಗಳಲ್ಲಿತ್ತು. ಅದು ಪೂರ್ತಿ ನಿಜವಲ್ಲ. ಆದರೆ ಕುಮಾರಸ್ವಾಮಿ ಅದನ್ನು ಯಾವತ್ತೂ ತಿದ್ದಲು ಹೋಗಿರಲಿಲ್ಲ.

ಆ ಮಾತನ್ನು ನಂಬಿಯೇ ರಮ್ಯಶ್ರೀ ಅವನಲ್ಲಿಗೆ ಬಂದದ್ದು. ಅವಳು ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮುದ್ದಯ್ಯನ ಮಗಳು. ವಯಸ್ಸು ಮೂವತ್ತೊಂಬತ್ತು, ಮದುವೆಯಾಗಿರಲಿಲ್ಲ. ಹದಿನಾಲ್ಕು ವರ್ಷ ದಿನಾ ಬೆಳಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಹನೂರಿಗೆ ಹೋಗಿ ಬಂದಿದ್ದಳು. ಈಗ ಕಾರು ಕೊಳ್ಳುತ್ತೇನೆ ಎಂದಾಗ ಮನೆಯವರು ಏಳು ಜನ ಕೂರುವಂಥದ್ದು ತೆಗೆದುಕೋ ಎಂದಿದ್ದರು. ಅವಳು ಹುಡುಕಿಟ್ಟಿದ್ದು ಮಾತ್ರ ಇಟಲಿ ಕಂಪನಿಯೊಂದರ, ವೇಗಕ್ಕೆ ಹೆಸರಾದ ಪುಟ್ಟ ಕಾರು. ಕಂಪನಿ ಅದನ್ನು ಮಾಡುವುದನ್ನು ಎಂದೋ ನಿಲ್ಲಿಸಿದ್ದರಿಂದ ಹೊಸದು ಸಿಗುವಂತಿರಲಿಲ್ಲ. ಮೈಸೂರಿನಲ್ಲಿ ಹಳೆ ಕಾರು ಮಾರುವವನ ಹತ್ತಿರ ಅಂಥವೇ ಎರಡು ನಿಂತಿದ್ದವು. ಬಿಳಿಯದರಲ್ಲಿ ಪೆಟ್ರೋಲ್ ಇಂಜಿನ್, ಬೂದಿ ಬಣ್ಣದ್ದರಲ್ಲಿ ಡೀಸೆಲ್. ಎರಡಕ್ಕೂ ಬೆಲೆ ಹೆಚ್ಚು ಕಡಿಮೆ ಒಂದೇ. ಯಾವುದನ್ನು ತೆಗೆದುಕೊಳ್ಳಬೇಕೆಂದು ಅವನೇ ಬಂದು ನೋಡಿ ಹೇಳಬೇಕು ಎಂದು ಕೇಳಿದಳು.

"ಕುಮಾರಣ್ಣ, ನಂಗೆ ಜೋರಾಗಿ ಓಡೋ ಕಾರು ಬೇಕು," ಎಂದಳು. "ಇದನ್ನ ಮನೇಲಿ ಹೇಳಿದ್ರೆ ನಗ್ತಾರೆ. ಅದಕ್ಕೆ ನಿಮ್ಮತ್ರ ಮಾತ್ರ ಹೇಳ್ತಾ ಇದೀನಿ."

ಕುಮಾರಸ್ವಾಮಿ ನಗಲಿಲ್ಲ. ಅವಳ ಮಾತು ಅವನಿಗೆ ಹಿಡಿಸಿತು. ಮುಂದಿನ ಭಾನುವಾರ ಒಗೆದ ಶರಟು ಹಾಕಿಕೊಂಡು ಅವಳ ಜೊತೆ ಮೈಸೂರಿನ ಬಸ್ಸು ಹತ್ತಿದ.

ಮೊದಲು ಡೀಸೆಲ್ ಕಾರನ್ನು ಓಡಿಸಿ ನೋಡಿದರು. ಅದರ ಇಂಜಿನ್ ಅವನಿಗೆ ಅಂಗೈಯಷ್ಟೇ ಪರಿಚಯ. ಬೇರೆ ಬೇರೆ ಕಂಪನಿಗಳ ಎಷ್ಟೋ ಕಾರುಗಳಲ್ಲಿ ಅದೇ ಇಂಜಿನ್ ಬಂದಿತ್ತು, ಕೊಳ್ಳೇಗಾಲದ ಅರ್ಧ ಟ್ಯಾಕ್ಸಿಗಳು ಅದರಲ್ಲೇ ಓಡುತ್ತಿದ್ದವು. ಸದ್ದು ಕೇಳಿಯೇ ಗಟ್ಟಿಯಾಗಿದೆ ಎಂದುಕೊಂಡ. ರಮ್ಯಶ್ರೀ ಒಂದು ಸುತ್ತು ಓಡಿಸಿ ಇಳಿದು, ಚೆನ್ನಾಗಿದೆ ಎಂದಳು.

ಆಮೇಲೆ ಬಿಳಿ ಕಾರು. ರಿಂಗ್ ರೋಡಿನಲ್ಲಿ ಖಾಲಿ ಜಾಗ ಸಿಕ್ಕಿದ ಕಡೆ ಅವಳು ಆಕ್ಸಲರೇಟರ್ ಒತ್ತಿದಳು. ಇಂಜಿನ್ನಿಗೆ ಟರ್ಬೊದ ಬಲ ಬಂದದ್ದೇ ಕಾರು ಇಬ್ಬರನ್ನೂ ಸೀಟಿಗೆ ಅಂಟಿಸಿಕೊಂಡು ಹೊರಟಿತು. ಅವಳು ಜೋರಾಗಿ ನಕ್ಕಳು. ಸ್ಕೂಲಿನಲ್ಲಿ, ಬಸ್ಸಿನಲ್ಲಿ, ಮುದ್ದಯ್ಯನ ಮನೆಯ ಬಾಗಿಲಲ್ಲಿ ಎಷ್ಟೋ ಸಲ ಅವಳನ್ನು ನೋಡಿದ್ದ ಕುಮಾರಸ್ವಾಮಿಗೆ ಈ ನಗು ಹೊಸದು. ತಿರುವಿನಲ್ಲಿ ನಿಧಾನ ಮಾಡಿ, ಬಿಡುವಾದ ದಿನ ಮಾದಪ್ಪನ ಬೆಟ್ಟ ಹತ್ತಿ ಇಳಿದು ತಮಿಳುನಾಡಿನ ಗಡಿಯ ಪಾಲಾರ್‌ವರೆಗೂ ಒಬ್ಬಳೇ ಹೋಗಿಬರುತ್ತೇನೆ ಎಂದಳು.

ವಾಪಸು ಬಂದ ಮೇಲೆ ಅವನು ಬಾನೆಟ್ ಎತ್ತಿದ. ಅಂಥ ಪೆಟ್ರೋಲ್ ಇಂಜಿನ್ ಅವನು ಒಂದನ್ನೂ ಬಿಚ್ಚಿರಲಿಲ್ಲ. ಪೈಪುಗಳು, ವೈರುಗಳು ಎಲ್ಲಿಂದ ಎಲ್ಲಿಗೋ ಹೋಗಿದ್ದವು. ಮಾರಾಟದ ಹುಡುಗಿ ಪಕ್ಕದಲ್ಲಿ ನಿಂತು, ಇದರ ದೋಷ ಹುಡುಕಲು ಬೇಕಾದ ಸ್ಕ್ಯಾನರ್ ನಿಮ್ಮತ್ರ ಇದೆಯಾ ಸಾರ್ ಎಂದು ಸಹಜವಾಗಿ ಕೇಳಿದಳು. ಕುಮಾರಸ್ವಾಮಿ ಇದೆ ಎಂದ. ಇರಲಿಲ್ಲ.

ಹಾಗೆ ಹೇಳಿದ ಮೇಲೆ ಅವನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಒಂದು ದಿನ ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಅವಳು ಸೀದಾ ಶೆಡ್ಡಿಗೆ ತರುತ್ತಾಳೆ. ನಾಲ್ಕು ಜನ ಕೂತು ನೋಡುತ್ತಿರುವಾಗ ತಾನು ಬಾನೆಟ್ ಎತ್ತಿ ಸುಮ್ಮನೆ ನಿಂತಿರಬೇಕಾಗುತ್ತದೆ. ಆಮೇಲೆ ಕುಮಾರನಿಗೆ ಗೊತ್ತಾಗಲಿಲ್ಲವಂತೆ ಎಂಬ ಮಾತು ಸಂಜೆಯೊಳಗೆ ಆಚೆಯ ಊರು ಕುಂತೂರನ್ನೂ ಮುಟ್ಟುತ್ತದೆ.

ಅವನು ಇಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದ. ಒಳಗೆ ಮಜ್ಜಿಗೆಯ ಕೆನೆಯಂತೆ ಚೂರು ಬಿಳಿ ಹತ್ತಿತ್ತು. ಬಹಳ ದಿನ ಓಡಿಸದೆ ನಿಲ್ಲಿಸಿದ ಗಾಡಿಯಲ್ಲಿ ತೇವಕ್ಕೆ ಹಾಗಾಗುತ್ತದೆ, ನೂರು ಕಿಲೋಮೀಟರ್ ಓಡಿಸಿದರೆ ಹೋಗುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅದನ್ನು ಬೆರಳಿಗೆ ಸವರಿಕೊಂಡು ರಮ್ಯಶ್ರೀಗೆ ತೋರಿಸಿದ.

"ಆಯಿಲ್‌ಗೆ ನೀರು ಸೇರ್ಕಂಡದೆ ಕಣವ್ವ," ಎಂದ. "ಹೆಡ್ ಗ್ಯಾಸ್ಕೆಟ್ ಓಗ್ಬುಟ್ಟದೆ. ಇವತ್ತು ಓಡ್ತದೆ, ನಾಳೆ ರೋಡಲ್ಲಿ ನಿಲ್ತದೆ. ಇದು ಬ್ಯಾಡ."

ಹುಡುಗಿ ಇಲ್ಲ ಸಾರ್ ಎಂದು ಏನೋ ಹೇಳಹೊರಟಳು. ರಮ್ಯಶ್ರೀ ಅವಳ ಕಡೆ ನೋಡಲಿಲ್ಲ. ಬಿಳಿ ಕಾರನ್ನು ಒಂದು ಸಲ ಸುತ್ತಿ ಬಂದು, ನೀವು ಹೇಳಿದ ಮೇಲೆ ಮುಗೀತು ಬಿಡಿ ಎಂದಳು. ಆ ವಾರದಲ್ಲೇ ಬೂದಿ ಬಣ್ಣದ ಡೀಸೆಲ್ ಕಾರು ಮುದ್ದಯ್ಯನ ಮನೆ ಮುಂದೆ ನಿಂತಿತು.

ಆ ಕಾರಿನಿಂದ ಅವಳಿಗೆ ತೊಂದರೆಯೇನೂ ಆಗಲಿಲ್ಲ. ಆರು ತಿಂಗಳಿಗೊಮ್ಮೆ ಶೆಡ್ಡಿಗೆ ಬರುತ್ತಿದ್ದಳು, ಟೀ ಕುಡಿಯುತ್ತಿದ್ದಳು, ಹೋಗುತ್ತಿದ್ದಳು. ಒಮ್ಮೆ ಕುಮಾರಸ್ವಾಮಿ ಹನೂರಿನಲ್ಲಿ ಸಿಕ್ಕಾಗ ತಾನೇ ಕರೆದು ಕೂರಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಒಂದೇ ವೇಗದಲ್ಲಿ, ಲಾರಿಗಳ ಹಿಂದೆ ಸಮಾಧಾನದಿಂದ ಓಡಿಸಿದಳು. ಪಾಲಾರಿಗೆ ಓಗಿದ್ಯಾ ಎಂದು ಅವನು ಕೇಳಿದ. ಇನ್ನೂ ಇಲ್ಲ, ಯಾಕೋ ಮನಸ್ಸಾಗಲಿಲ್ಲ ಎಂದಳು. ಅವನು ಕಿಟಕಿಯ ಕಡೆ ತಿರುಗಿಕೊಂಡ.

ಒಂದೂವರೆ ವರ್ಷ ಹೀಗೆ ಕಳೆಯಿತು. ಕಳೆದ ಮಾಗಿಯಲ್ಲಿ ಒಂದು ಬೆಳಗ್ಗೆ ಅವಳು ಶೆಡ್ಡಿಗೆ ಬಂದಾಗ, ಕುಂತೂರಿನ ಚಿಕ್ಕಮಾದಯ್ಯ ಕಬ್ಬಿನ ಟ್ರಾಕ್ಟರು ರಿಪೇರಿಗೆ ಬಿಟ್ಟು ಅಲ್ಲೇ ಕೂತಿದ್ದ. ಅವಳು ಕಾರಿನಿಂದ ಇಳಿಯುತ್ತಲೇ, ಟ್ರಾಕ್ಟರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಕುಮಾರಸ್ವಾಮಿಗೆ ಹಿಂದಿನ ದಿನದ ಸಂಗತಿ ಹೇಳಿದಳು. ಕುಮಾರಣ್ಣ ಬೇಡ ಅಂದಿದ್ದ ಆ ಬಿಳಿ ಕಾರನ್ನು ಹನೂರಿನ ಪೆಟ್ರೋಲ್ ಬಂಕಿನಲ್ಲಿ ಕಂಡಳಂತೆ. ಅದೇ ನಂಬರು. ಈಗ ಅದು ಯಳಂದೂರಿನ ದನದ ಡಾಕ್ಟರು ಗುರುಪಾದಸ್ವಾಮಿಯವರದು. ಮಾತಾಡಿಸಿದಾಗ, ಕೊಂಡ ಮೇಲೆ ಮೂವತ್ತು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ, ಆಯಿಲ್ ಬದಲಿಸಿದ್ದು ಬಿಟ್ಟರೆ ಇಂಜಿನ್‌ಗೆ ಕೈ ಹಾಕಿಲ್ಲ, ಕೌದಳ್ಳಿ ದಾಟಿದ ಮೇಲೆ ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ನೋಡಬೇಕು ಇದನ್ನ ಎಂದರಂತೆ.

"ಓ, ನಿನ್ಗೂ ತೆಪ್ಪಾಯ್ತದಾ ಕುಮಾರ?" ಎಂದು ಚಿಕ್ಕಮಾದಯ್ಯ ನಕ್ಕ.

ರಮ್ಯಶ್ರೀ ಅವನ ಕಡೆ ತಿರುಗಿ, ಅದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳಿದಳು. "ನೂರಕ್ಕೆ ಒಂದು ತಪ್ಪು ಯಾರಿಗಾದ್ರೂ ಆಗುತ್ತೆ. ಅವರು ನನ್ನ ಒಳ್ಳೇದಕ್ಕೇ ಹೇಳಿದ್ದು. ನಾನು ರೋಡಲ್ಲಿ ನಿಲ್ಲಬಾರ್ದು ಅಂತ."

ಕೆಳಗಿದ್ದ ಕುಮಾರಸ್ವಾಮಿಗೆ ಎಲ್ಲ ಕೇಳಿಸುತ್ತಿತ್ತು. ಯಾವ ಮಾತಿಗೆ ಹೆದರಿ ಸುಳ್ಳು ಹೇಳಿದ್ದನೋ ಆ ಮಾತು ಈಗ ಬಂದಿತ್ತು, ಆದರೆ ಅದು ಅವನನ್ನು ಏನೂ ಮಾಡಲಿಲ್ಲ. ತನ್ನ ಪರವಾಗಿ ಅವಳು ಆಡಿದ ಮಾತನ್ನು ಅವನಿಗೆ ತಾಳಿಕೊಳ್ಳಲಾಗಲಿಲ್ಲ. ಹೊರಗೆ ಬಂದು ಅವಳ ಮುಖ ನೋಡಬೇಕಾಗುತ್ತದೆಂದು, ಕೆಲಸ ಮುಗಿದಿದ್ದರೂ ಅವಳು ಹೋಗುವವರೆಗೆ ಟ್ರಾಕ್ಟರಿನ ಕೆಳಗೇ ಮಲಗಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಚನ್ನಾಜಮ್ಮನಿಗೆ ಎಲ್ಲ ಹೇಳಿದ. ಅವಳು ಸಾರು ಬಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಆ ಟೀಚರಮ್ಮ ತಪ್ಪಾಯಿತು ಎಂದುಕೊಂಡಿದ್ದಾಳೆ, ಹಾಗೇ ಇರಲಿ, ಈಗ ಹೇಳಿದರೆ ಅವಳಿಗೂ ಸಂಕಟ ನಿನಗೂ ಸಂಕಟ ಎಂದಳು. ಅದು ಸರಿ ಎಂದೇ ಅವನಿಗೂ ಅನ್ನಿಸಿತು. ನಾಲ್ಕು ದಿನ ಸುಮ್ಮನಿದ್ದ. ಆ ನಾಲ್ಕು ದಿನವೂ ಗಿರಾಕಿಗಳು ನೀನೇ ಹೇಳಪ್ಪ, ನಿನಗೆ ಗೊತ್ತಿಲ್ಲದ್ದೇನಿದೆ ಎಂದಾಗಲೆಲ್ಲ ಅವನು ಮುಖ ತಿರುಗಿಸಿಕೊಂಡು ಕೆಲಸಕ್ಕೆ ಬಗ್ಗುತ್ತಿದ್ದ. ಐದನೆಯ ದಿನ ಬೆಳಗ್ಗೆ ಶೆಡ್ಡಿನ ಬಾಗಿಲೆಳೆದು ಹನೂರಿನ ಬಸ್ಸು ಹತ್ತಿದ.

ಸ್ಕೂಲಿನಲ್ಲಿ ಊಟದ ಬೆಲ್ಲು ಆಗಿತ್ತು. ರಮ್ಯಶ್ರೀ ಡಬ್ಬಿ ಕೈಯಲ್ಲಿ ಹಿಡಿದು ಹೊರಗೆ ಬಂದು, ಏನು ಕುಮಾರಣ್ಣ ಇಲ್ಲೀತನಕ, ಮನೇಲಿ ಎಲ್ಲ ಚೆನ್ನಾಗಿದಾರಾ ಎಂದು ಗಾಬರಿಯಿಂದ ಕೇಳಿದಳು. ಅವನು ಕಾಂಪೌಂಡಿನ ಪಕ್ಕ ನಿಂತು ತಲೆ ತಗ್ಗಿಸಿಕೊಂಡೇ ಹೇಳಿದ.

"ಆ ಬಿಳಿ ಕಾರು ಚೆಂದಾಗೇ ಇತ್ತು ಕಣವ್ವ. ನಂಗೆ ಅವತ್ತೇ ಗೊತ್ತಿತ್ತು. ತೆಪ್ಪಾಗಿದ್ದಲ್ಲ, ಸುಳ್ಳು ಯೋಳ್ದೆ. ಆ ಇಂಜಿನ್ ರಿಪೇರಿ ಮಾಡಕ್ಕೆ ನಂಗೆ ಬರಲ್ಲ. ನೀನು ತಂದು ನಿಲ್ಸುದ್ರೆ ಮಾನ ಓಯ್ತದೆ ಅಂತ ಅಂಗಂದ್ಬುಟ್ಟೆ."

ಮೈದಾನದಲ್ಲಿ ಮಕ್ಕಳು ತಟ್ಟೆ ತೊಳೆಯುತ್ತಿದ್ದರು.

"ಬರಲ್ಲ ಅಂದಿದ್ರೆ ಏನಾಗ್ತಿತ್ತು?" ಎಂದಳು ರಮ್ಯಶ್ರೀ. "ಅದನ್ನೇ ತಗೊಂಡು ಮೈಸೂರಲ್ಲಿ ಸರ್ವಿಸ್ ಮಾಡಿಸ್ಕೊಂಡಿರ್ತಿದ್ದೆ. ಅಷ್ಟೇ ತಾನೇ."

"ಅಷ್ಟೇಯ."

"ಅವತ್ತು ರಿಂಗ್ ರೋಡಲ್ಲಿ ನಾನು ನಕ್ಕಿದ್ದು ನೋಡಿದ್ರಿ ಅಲ್ವಾ?"

"ನೋಡ್ದೆ."

"ನೋಡಿದ ಮೇಲೂ ಹೇಳಿದ್ರಾ?"

ಅವನು ಅವಳ ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿದು, ಬೇಡ, ಮಕ್ಕಳು ನೋಡ್ತಾರೆ ಎಂದಳು. ಬೈಯಲಿಲ್ಲ. ಊಟ ಮಾಡಿ ಹೋಗಿ ಎಂದೂ ಹೇಳಲಿಲ್ಲ. ಡಬ್ಬಿ ಬಿಚ್ಚದೆಯೇ ಒಳಗೆ ಹೋದಳು. ಕುಮಾರಸ್ವಾಮಿ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದು, ಬಸ್ಸು ಬಂದರೂ ಹತ್ತದೆ ಒಂದು ಗಂಟೆ ಕೂತಿದ್ದ. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡು ಬಂದಿದ್ದ. ಹಾಗೇನೂ ಆಗಿರಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲವೆಂದು ಕಾಣುತ್ತದೆ. ಮುದ್ದಯ್ಯ ಸಿಕ್ಕಾಗ ಎಂದಿನಂತೆ ನಗುತ್ತಲೇ ಮಾತಾಡಿಸಿದ. ಗಿರಾಕಿಗಳು ಎಂದಿನಂತೆ ಬಂದರು. ಶೆಡ್ಡಿನ ಮುಂದೆ ಬೂದಿ ಬಣ್ಣದ ಕಾರು ದಿನಕ್ಕೆ ಎರಡು ಸಲ ಹಾದು ಹೋಗುತ್ತಿತ್ತು. ಅದರ ಸದ್ದು ತಿರುವಿನಲ್ಲಿ ಕೇಳಿಸಿದ ಕೂಡಲೇ ಅವನು ಶೆಡ್ಡಿನ ಒಳಕ್ಕೆ ಹೋಗಿಬಿಡುತ್ತಿದ್ದ.

ಯುಗಾದಿ ಕಳೆದು ಎರಡು ವಾರಕ್ಕೆ ಕಾರು ಶೆಡ್ಡಿನ ಮುಂದೆಯೇ ನಿಂತಿತು. ಕ್ಲಚ್ ಜಾರುತ್ತಿತ್ತು. ಅವಳು ಇಳಿದು, ಏನಾಗಿದೆ ಎಂದು ಎರಡೇ ಮಾತಿನಲ್ಲಿ ಹೇಳಿ, ಎಷ್ಟು ದಿನ ಬೇಕು ಎಂದು ಕೇಳಿದಳು. ಎರಡು ದಿನ ಎಂದ. ಟೀ ತರಿಸಲಾ ಎಂದು ಕೇಳಲು ಬಾಯಿ ತೆರೆದ, ಕೇಳಲಿಲ್ಲ. ಈ ಗಾಡಿಯನ್ನು ತನ್ನಷ್ಟು ಬಲ್ಲವರು ಸುತ್ತಮುತ್ತ ಇನ್ನೊಬ್ಬರಿಲ್ಲ, ಅವಳು ಬಂದದ್ದು ಅದಕ್ಕೆ ಮಾತ್ರ ಎಂಬುದು ಅವನಿಗೆ ಗೊತ್ತಿತ್ತು.

ಎರಡನೆಯ ದಿನ ಸಂಜೆ ಕೆಲಸ ಮುಗಿಸಿ ಕೀಲಿ ಕೊಟ್ಟ. ಅವಳು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ತಂದು ನಿಲ್ಲಿಸಿ, ಕಿಟಕಿಯ ಗಾಜು ಇಳಿಸಿದಳು.

"ಸರಿಯಾಗಿದೆ. ಬರ್ತೀನಿ ಕುಮಾರಸ್ವಾಮಿಯವರೇ," ಎಂದಳು.

ಕುಮಾರಣ್ಣ ಎನ್ನುತ್ತಿದ್ದವಳು ಅಷ್ಟು ಗೌರವದಿಂದ ಅವನನ್ನು ಎಂದೂ ಕರೆದಿರಲಿಲ್ಲ. ಅವನು ಕೈ ಒರೆಸಿಕೊಳ್ಳುತ್ತಾ, ಆಯ್ತು ಮೇಡಂ ಎಂದ.